ಭಾನುವಾರ ಮಾತ್ರ ಬರುವ ಆರ್ಡರ್

"ಮೇಡಂ, ನನ್ನ ಆರ್ಡರ್‌ಗಳು ಕಳುವಾಗ್ತಿವೆ!"

ರಾಬರ್ಟ್‌ಸನ್‌ಪೇಟೆಯ ನೈಟಿ ಅಂಗಡಿ ಹನುಮಂತರಾಯಪ್ಪ ಹೀಗೆಂದಾಗ ಸಬ್ ಇನ್ಸ್‌ಪೆಕ್ಟರ್ ಅಂಬಿಕ ಪೆನ್ನು ಕೆಳಗಿಟ್ಟಳು. ಸರ, ಸ್ಕೂಟರ್, ಕೋಳಿ ಕಳುವಾದದ್ದು ಕೇಳಿದ್ದಳು. ಇದು ಹೊಸದು.

ವಿಷಯ ಇಷ್ಟು. ಅಂಗಡಿಗೊಂದು ವೆಬ್‌ಸೈಟಿದೆ. ಹೆಂಗಸರು ನೈಟಿ ಆರಿಸುತ್ತಾರೆ, ಕೊಳ್ಳಲು ಹೊರಡುತ್ತಾರೆ, ಅಲ್ಲಿಗೇ ಮಾಯ. ಆಮೇಲೆ ನೋಡಿದರೆ ಅದೇ ಹೆಂಗಸರು ಬಂಗಾರಪೇಟೆಯ ಇನ್ನೊಂದು ಅಂಗಡಿಯ ಗಿರಾಕಿಗಳು. ಆ ಅಂಗಡಿಯಲ್ಲಿ ಕೆಲಸಕ್ಕಿರುವವಳು ಸುಮಿತಾ. ಹನುಮಂತರಾಯಪ್ಪನವರ ವೆಬ್‌ಸೈಟ್ ನೋಡಿಕೊಳ್ಳುವವಳು ಅವಳ ತಂಗಿ ಸೆಲ್ವಿ.

"ಅಕ್ಕನಿಗೆ ಆರ್ಡರ್ ದಾಟಿಸ್ತಿದ್ದಾಳೆ ಮೇಡಂ. ನಿನ್ನೆಯೇ ಕೆಲಸದಿಂದ ತೆಗೆದೆ."

"ಸಾಕ್ಷಿ?"

"ಭಾನುವಾರ ಅವಳಿಗೆ ರಜೆ. ಭಾನುವಾರ ಮಾತ್ರ ಆರ್ಡರ್ ಸಲೀಸಾಗಿ ಬರುತ್ತೆ. ಇನ್ನೇನು ಬೇಕು?"

ಹೊರಗಿನ ಬೆಂಚಿನಲ್ಲಿ ಸೆಲ್ವಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. "ಕಳ್ಳಿ ಅಂತ ಹೆಸರು ಬಂದ್ರೆ ಈ ಊರಲ್ಲಿ ನನಗ್ಯಾರು ಕೆಲಸ ಕೊಡ್ತಾರೆ ಮೇಡಂ?"

ಅಂಬಿಕ ನೀರಿನ ಬಾಟಲಿ ಅವಳತ್ತ ಚಾಚಿದಳು. ಆದರೆ ಭಾನುವಾರದ ಲೆಕ್ಕ ತಪ್ಪೆನ್ನುವಂತಿರಲಿಲ್ಲ.

"ಸಂಜೆವರೆಗೆ ಟೈಮ್ ಕೊಡಿ," ಎಂದಳು ಹನುಮಂತರಾಯಪ್ಪನವರಿಗೆ.

* * *

ಬಂಗಾರಪೇಟೆಯಲ್ಲಿ ಸುಮಿತಾ ಕೇಳುವ ಮೊದಲೇ ಫೋನ್ ಮುಂದೆ ಹಿಡಿದಳು. "ನೋಡ್ಕೊಳ್ಳಿ ಮೇಡಂ. ಗಿರಾಕಿಗಳೇ ವಾಟ್ಸಾಪ್‌ನಲ್ಲಿ ಕೇಳ್ತಾರೆ. ನಾವು ಎತ್ತಿಡ್ತೀವಿ, ಅಷ್ಟೇ."

ನಿಜ. ಪ್ರತಿಯೊಂದರಲ್ಲೂ ಮೊದಲ ಮಾತು ಗಿರಾಕಿಯದೇ. ಸೆಲ್ವಿಯ ಸುಳಿವೇ ಇರಲಿಲ್ಲ.

ಹಾಗಾದರೆ ಅವರನ್ನು ಯಾರೂ ಕದ್ದಿಲ್ಲ. ತಾವಾಗಿಯೇ ಬಿಟ್ಟು ಬಂದಿದ್ದಾರೆ. ಯಾಕೆ? ಬಿಟ್ಟವರನ್ನೇ ಕೇಳಬೇಕು. ಗಿರಾಕಿಗಳಲ್ಲಿ ಒಬ್ಬಳು ಆಂಡರ್ಸನ್‌ಪೇಟೆಯ ಕದಿರಮ್ಮ. ಅಂಬಿಕ ಅಲ್ಲಿಗೇ ಹೊರಟಳು.

* * *

ಕದಿರಮ್ಮನ ಜಗಲಿಯ ಮೇಲೆ ಅಕ್ಕಪಕ್ಕದ ಹೆಂಗಸರೂ ಸೇರಿದರು. ಪೊಲೀಸಮ್ಮ ಬಂದರೆ ಸೇರದಿರುತ್ತಾರೆಯೇ?

"ಅಕ್ಕಾ, ಹನುಮಂತರಾಯಪ್ಪನವರ ವೆಬ್‌ಸೈಟಲ್ಲಿ ಒಂದು ನೈಟಿ ಆರ್ಡರ್ ಮಾಡಿ. ಮನಸ್ಸಿಗೆ ಬಂದದ್ದು ಬಾಯಲ್ಲಿ ಹೇಳ್ತಾ ಹೋಗಿ. ನಾನು ತುಟಿ ಬಿಚ್ಚಲ್ಲ."

ಪೊಲೀಸರಿಗೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಅಂಬಿಕ ಹಲ್ಲು ಕಚ್ಚಿ ಕೂತಳು.

"ಈ ಊವಿಂದು ಚೆಂದಾಗೈತೆ... ಇದ್ನೇ ಒತ್ತಿದೆ..." ಕದಿರಮ್ಮ ಥಟ್ಟನೆ ಫೋನ್ ಕೆಳಗಿಟ್ಟಳು. "ತಗಾ, ಒಟಿಪಿ ಕೇಳ್ತೈತೆ. ಅದು ನಮ್ ಯಜಮಾನ್ರ ಫೋನಿಗ್ ಓಗ್ತೈತೆ ಕಣಮ್ಮ. ಗ್ಯಾಸಿಗೂ ರೇಷನ್ನಿಗೂ ಅವ್ರ ನಂಬರೇ ಅಲ್ವಾ, ಇದ್ಕೂ ಅದ್ನೇ ಕೊಟ್ಟಿದ್ದೆ. ಅವ್ರು ಬೆಳಗ್ಗೇನೇ ಮಾರಿಕುಪ್ಪಂ ರೈಲತ್ತಿ ಬೆಂಗ್ಳೂರ್ಗೆ ಓದ್ರು. ಕೆಲ್ಸದಾಗೆ ಫೋನ್ ಮುಟ್ಟಂಗಿಲ್ಲ, ಬರಾದು ರಾತ್ರಿಗೇ. ಒಂದ್ ನೈಟಿಗೆ ಯಾರ್ ಕಾಯ್ತಾರೆ? ಸುಮಿತಾಗೆ ಏಳಿದ್ರೆ ಆಯ್ತು."

ಪಕ್ಕದವಳೂ ಪ್ರಯತ್ನಿಸಿದಳು. ಅದೇ ಜಾಗದಲ್ಲಿ ನಿಂತಳು. ಅವಳ ಗಂಡನೂ ಅದೇ ರೈಲಿನವನು.

ಕೊನೆಗೆ ಎದುರುಮನೆಯ ಮುನಿಶಾಮಮ್ಮ. ಅವಳ ಗಂಡ ಫ್ಯಾಕ್ಟರಿಗೆ ರಜೆ ಹಾಕಿ ಮನೆಯಲ್ಲೇ ಮಲಗಿದ್ದ.

"ರೀ, ನಂಬರ್ ಬಂತಾ?"

ಅವನು ಅಲ್ಲಿಂದಲೇ ಕೂಗಿ ಹೇಳಿದ. ಆರ್ಡರ್ ಸಲೀಸಾಗಿ ಹೋಯಿತು!

ಅಂಬಿಕ ಎದ್ದು ನಿಂತಳು. ಟೀ ಬಂದಿತ್ತು. ಕುಡಿಯುವಷ್ಟು ತಾಳ್ಮೆ ಅವಳಿಗಿರಲಿಲ್ಲ.

* * *

"ಅಪರಾಧಿ ಸಿಕ್ಕಾಯ್ತು," ಎಂದಳು ಅಂಬಿಕ, ಅಂಗಡಿಗೆ ಕಾಲಿಡುತ್ತಲೇ. ಹಿಂದೆ ಬಂದ ಸೆಲ್ವಿ ಬಾಗಿಲಲ್ಲೇ ನಿಂತಳು.

"ನಾನು ಹೇಳಲಿಲ್ವಾ ಮೇಡಂ?"

"ಒಂದು ಪ್ರಶ್ನೆ. ವೆಬ್‌ಸೈಟಿಗೆ ಒಟಿಪಿ ಹಾಕಿಸಿದ್ದು ಯಾರು?"

"ಯಾರೋ ಕಿಡಿಗೇಡಿಗಳು ಸುಳ್ಳು ಆರ್ಡರ್ ಹಾಕಿ ಆಟ ಆಡಿಸಿದ್ರು. ಸೆಲ್ವಿ ಬೇಡ ಅಂದ್ಲು. ಆದ್ರೂ ವೆಬ್‌ಸೈಟ್ ಮಾಡಿಕೊಟ್ಟ ಬೆಂಗಳೂರಿನವರಿಗೆ ಹೇಳಿ ನಾನೇ..."

ಅಂಬಿಕ ತಲೆಯಾಡಿಸಿದಳು.

"ಆರ್ಡರ್ ನಿಂತದ್ದು ಆವಾಗಿಂದ್ಲೇ ಅಲ್ವಾ? ನಿಮ್ಮ ನೈಟಿ ಕೊಳ್ಳೋರು ಹೆಂಗಸರು. ನೀವು ಒಪ್ಪಿಗೆ ಕೇಳ್ತಿರೋದು ಬೆಂಗಳೂರಲ್ಲಿರೋ ಗಂಡಂದಿರ ಫೋನಿಗೆ. ಭಾನುವಾರ ಸೆಲ್ವಿಗೆ ರಜೆ, ನಿಜ. ಗಂಡಂದಿರಿಗೂ ರಜೆ! ಅವತ್ತು ಫೋನ್ ಮನೇಲಿರುತ್ತೆ, ಆರ್ಡರ್ ಬರುತ್ತೆ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಿ. ನಾಲ್ಕು ಜನ ಗಿರಾಕಿಗಳ ಪಕ್ಕ ಸುಮ್ಮನೆ ಕೂತು ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತು."

ಹನುಮಂತರಾಯಪ್ಪ ಕುರ್ಚಿ ಎಳೆದು ಕೂತರು. ಮುಖದಲ್ಲಿ ನಾಚಿಕೆ. ಅದರ ಹಿಂದೆಯೇ ದೊಡ್ಡ ನಿಟ್ಟುಸಿರು. ಮನೆಯ ಮಗಳ ಹಾಗಿದ್ದವಳು ಕಳ್ಳಿಯಲ್ಲ ಎನ್ನುವುದು ವ್ಯಾಪಾರಕ್ಕಿಂತ ದೊಡ್ಡ ಸಮಾಧಾನವಾಗಿತ್ತು.

"ತಪ್ಪಾಯ್ತಮ್ಮ," ಎಂದರು, ತಲೆ ಎತ್ತದೆ.

ಸೆಲ್ವಿ ಅತ್ತಳು, ಅಳುತ್ತಲೇ ನಕ್ಕಳು. ಅಂಬಿಕಳ ಎದೆಯೂ ಹಗುರಾಯಿತು.

"ನಾಳೆಯಿಂದ ಕೆಲಸಕ್ಕೆ ಬರ್ಲಾ ಸಾರ್?"

ಹನುಮಂತರಾಯಪ್ಪ ಎದ್ದು ತಮ್ಮ ಕುರ್ಚಿಯನ್ನೇ ಅವಳತ್ತ ತಿರುಗಿಸಿದರು.

"ನಾಳೆ ಯಾಕಮ್ಮ? ಈಗ್ಲೇ ಕೂತ್ಕೋ. ಮೊದಲು ಆ ಒಟಿಪಿ ತೆಗೆಸು."