ಹಳೇ ನಂಬರಾ, ಹೊಸ ನಂಬರಾ?

"ನಾನು ಸಹಿ ಹಾಕಲ್ಲ ಸರ್."

ಹುಡುಗಿ ಪೆನ್ನನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತಳು. ಮುಂದೆ ಒಂದು ಹಾಳೆ. ಅದರಲ್ಲಿ ಲ್ಯಾಬ್ ಸರ್ ತಾವೇ ಬರೆದಿದ್ದರು: 'ಕಂಪ್ಯೂಟರ್ ಕೆಡಿಸಿದ್ದೇನೆ. ತಪ್ಪಾಯಿತು.'

"ಹನ್ನೊಂದು ಕಂಪ್ಯೂಟರ್ ಸರಿಯಾಗಿವೆ. ನಿನ್ನದೊಂದೇ ಹಟ ಹಿಡಿದು ಕೂತಿದೆ, ಥೇಟ್ ನಿನ್ನ ಹಾಗೇ. ಬೆಲ್ ಹೊಡೆಯೋದರೊಳಗೆ ಸಹಿ ಹಾಕಮ್ಮ. ಹಾಕಿದರೂ ಸರಿ, ಬಿಟ್ಟರೂ ಸರಿ, ಅದರಲ್ಲಿರೋದೆಲ್ಲ ಅಳಿಸಿ ಹೊಸದಾಗಿ ಹಾಕ್ತೀನಿ."

"ನನ್ನ ಪ್ರೋಗ್ರಾಂ?"

"ಅದೂ ಹೋಗುತ್ತೆ."

ಸರ್ ಆಚೆ ಹೋದರು.

ಮೂರು ವಾರ ಕೂತು ಮಾಡಿದ ಪ್ರೋಗ್ರಾಂ ಅದು. ಕೀ ಒತ್ತಿದರೆ ಗಂಟೆ ಬಾರಿಸುತ್ತಿತ್ತು. ಶಬ್ದ ಮಾಡುವ ಕೆಲಸ ಅದಕ್ಕೆ ಬರುವುದಿಲ್ಲ. ಲೈಬ್ರರಿ ಅನ್ನುವ ಇನ್ನೊಂದು ಫೈಲನ್ನು ಕರೆದು ಮಾಡಿಸುತ್ತದೆ. ನಿನ್ನೆ ಸರ್ ಎಲ್ಲ ಕಂಪ್ಯೂಟರಿಗೂ ಹೊಸ ಲೈಬ್ರರಿ ಹಾಕಿದ್ದರು. ಅದರಲ್ಲಿ 'ಪ್ಲೇ ಟ್ವೈಸ್' ಅಂತ ಹೊಸದೊಂದು ಇತ್ತು. ಅದನ್ನು ಕರೆದರೆ ಗಂಟೆ ಎರಡು ಸಲ ಬಾರಿಸಬೇಕು. ಇವಳು ಕರೆದಿದ್ದೇ ತಡ, ಎಲ್ಲ ನಿಂತೇ ಹೋಯಿತು.

ಪರದೆಯ ಮೇಲೆ ಒಂದೇ ಸಾಲು: ಅನ್‌ಡಿಫೈನ್ಡ್ ಸಿಂಬಲ್, ಪ್ಲೇ ಟ್ವೈಸ್.

ಪಕ್ಕದಲ್ಲಿ ಕೂತವಳು ಬಾಯಿ ಮುಚ್ಚಿದ್ದೇ ಕಡಿಮೆ. ಅದಕ್ಕೇ ಅವಳನ್ನು ಎಲ್ಲರೂ ಗಿಣಿ ಅನ್ನುತ್ತಿದ್ದರು.

"ಹಾಕಿಬಿಡೇ ಸಹಿ. ಕೈ ಸವೆದುಹೋಗುತ್ತಾ?"

"ಮಾಡದ ತಪ್ಪಿಗೆ ಹಾಕಲ್ಲ ಕಣೇ."

"ಆ ಲೈಬ್ರರಿ ನಿನ್ನ ಕಂಪ್ಯೂಟರಿಗೆ ಸಿಗ್ತಾನೇ ಇಲ್ಲ ಅನ್ಸುತ್ತೆ."

"ಸಿಗದಿದ್ರೆ ಫೈಲೇ ಇಲ್ಲ ಅಂತಿತ್ತು. ಸರಿಯಾಗಿ ಓದು. ಫೈಲ್ ಸಿಕ್ಕಿದೆ. ಅದರೊಳಗೆ ಆ ಹೆಸರಿಲ್ಲ."

ಹಾಗಂದವಳಿಗೆ ಥಟ್ಟನೆ ಚಿಕ್ಕಮ್ಮ ನೆನಪಾದಳು.

ಚಿಕ್ಕಮ್ಮ ಮನೆ ಮನೆಗೆ ಅಂಚೆ ಹಂಚುವವಳು. ರಜೆಯಲ್ಲಿ ಒಂದು ದಿನ ಹುಡುಗಿಯೂ ಜೊತೆಗೆ ಹೋಗಿದ್ದಳು. ಹದಿನಾಲ್ಕನೇ ನಂಬರಿನ ಮನೆ ತಟ್ಟಿದರೆ ಒಬ್ಬ ತಾತ ಬಂದು, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲಮ್ಮ" ಅಂದರು.

"ಹಾಗಾದ್ರೆ ವಿಳಾಸಾನೇ ಸುಳ್ಳು," ಅಂದಿದ್ದಳು ಹುಡುಗಿ.

"ಅವಸರ ಮಾಡಬೇಡ," ಎಂದು ಚಿಕ್ಕಮ್ಮ ನಕ್ಕಿದ್ದಳು. "ಈ ಬೀದೀಲಿ ಎರಡು ಹದಿನಾಲ್ಕು. ಒಂದು ಹಳೇ ನಂಬರು, ಒಂದು ಹೊಸ ನಂಬರು. ಮೊದಲು ಸಿಕ್ಕಿದ ಬಾಗಿಲು ತಟ್ಟಿದ್ವಿ, ಅಷ್ಟೇ."

ಹುಡುಗಿ ಕುರ್ಚಿ ಎಳೆದು ಕೂತಳು. "ಗಿಣಿ, ಆ ಲೈಬ್ರರಿನ ಎಲ್ಲಿಂದ ತಂದೆ ಅಂತ ಇದನ್ನೇ ಕೇಳೋಣ."

ಹಾಗೆ ಕೇಳುವುದಕ್ಕೆ ಸರ್ ಕಲಿಸಿದ್ದ ಒಂದು ಕಮಾಂಡ್ ಇತ್ತು. ಟೈಪ್ ಮಾಡಿದಳು. ಫೋಲ್ಡರಿನ ಹೆಸರು ಬಂತು. ಸರ್ ಹೊಸದನ್ನು ಹಾಕಿದ್ದ ಫೋಲ್ಡರ್ ಅದಲ್ಲ.

ಹುಡುಗಿ ಆ ಹೆಸರನ್ನು ಮತ್ತೊಮ್ಮೆ ಓದಿದಳು. ಅದು ಅವಳದೇ ಫೋಲ್ಡರ್. ಮೊದಲ ವಾರ, ಕಳೆದುಹೋಗದಿರಲಿ ಅಂತ ಆಗಿನ ಲೈಬ್ರರಿಯದೊಂದು ಕಾಪಿ ಅಲ್ಲಿಟ್ಟಿದ್ದಳು. 'ಮೊದಲು ಇಲ್ಲೇ ನೋಡು' ಅಂತ ಪ್ರೋಗ್ರಾಂಗೆ ಹೇಳಿಕೊಟ್ಟವಳೂ ಅವಳೇ.

"ಅಯ್ಯೋ, ನೀನೇ!" ಗಿಣಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಬೇಗ ಅಳಿಸು. ತಾನಾಗೇ ಸರಿಹೋಯ್ತು ಅನ್ನು. ಯಾರಿಗೆ ಗೊತ್ತಾಗುತ್ತೆ?"

ಹುಡುಗಿ ಹಳೇ ಫೈಲನ್ನು ಅಳಿಸಿ ಕೀ ಒತ್ತಿದಳು.

ಢಣ್. ಢಣ್.

ಇಡೀ ಲ್ಯಾಬ್ ತಿರುಗಿ ನೋಡಿತು. ಸರ್ ಓಡಿಬಂದರು.

"ಅರೆ, ಸರಿಹೋಯ್ತಾ? ಹಾಗಾದ್ರೆ ಹಾಳೆ ಬೇಡ ಬಿಡು." ಅದನ್ನು ತೆಗೆದುಕೊಳ್ಳಲು ಕೈ ಚಾಚಿದರು.

"ತಡೀರಿ ಸರ್."

ಅವಳು ಹಾಳೆಯನ್ನು ತನ್ನತ್ತ ಎಳೆದುಕೊಂಡಳು. 'ಕಂಪ್ಯೂಟರ್ ಕೆಡಿಸಿದ್ದೇನೆ' ಅನ್ನುವುದರ ಮೇಲೆ ಒತ್ತಿ ಗೆರೆ ಎಳೆದಳು. ಮೇಲ್ಗಡೆ ಬರೆದಳು: 'ಕಂಪ್ಯೂಟರ್ ಕೆಟ್ಟೇ ಇರಲಿಲ್ಲ. ಹಳೇ ಲೈಬ್ರರಿ ಇಟ್ಟಿದ್ದು ನಾನು. ಕಂಡುಹಿಡಿದಿದ್ದೂ ನಾನು.'

ಕೆಳಗೆ 'ತಪ್ಪಾಯಿತು' ಅನ್ನುವ ಪದ ಉಳಿದಿತ್ತು. ಪೆನ್ನು ಅದರ ಮೇಲೂ ಹೋಯಿತು. ಒಂದು ಗಳಿಗೆ ನಿಂತಿತು.

ಆಮೇಲೆ ಗೆರೆ ಎಳೆಯದೆ ಪಕ್ಕಕ್ಕೆ ಸರಿದು, ದೊಡ್ಡದಾಗಿ ಸಹಿ ಹಾಕಿತು.