ನಗಬಾರದ ಫೋಟೋ

ಪರದೆಯಲ್ಲಿ ಒಂದೇ ಒಂದು ತೂತು ಇದ್ದಿದ್ದರೂ ಸಾಕಾಗಿತ್ತು. ಆದರೆ ಹರಿದ ಬಟ್ಟೆ ನೇಯ್ದು ಸರಿಮಾಡುವ ರಫು ಅಜ್ಜಿಯ ಮನೆಯ ಪರದೆಯಲ್ಲಿ ತೂತು ಎಲ್ಲಿಂದ ಬರಬೇಕು? ಮೊಮ್ಮಗಳು ಗುಂಡುಸೂಜಿ ಪರದೆಯ ಅಂಚನ್ನು ಬೆರಳಿನಷ್ಟೇ ಸರಿಸಿ, ಒಂದು ಕಣ್ಣಲ್ಲಿ ಒಳಗೆ ಇಣುಕಿದಳು.

"ಅಜ್ಜೀ, ಮತ್ತೆ ಬರೀತಿದ್ದಾಳೆ!" ಎಂದು ಪಿಸುಗುಟ್ಟಿದಳು.

"ಬರೀಲಿ ಬಿಡೇ. ನೀನೂ ಹೋಗಿ ನಿನ್ನ ರಜೆಯ ಹೋಮ್‌ವರ್ಕ್ ಬರಿ." ಅಜ್ಜಿ ತಲೆ ಎತ್ತಲಿಲ್ಲ. ಯಾರದೋ ಕೋಟನ್ನು ಇಲಿ ಕಡಿದಿತ್ತು. ಅದರ ಒಳಗಿನ ಅಂಚಿನಿಂದಲೇ ಎಳೆ ಬಿಡಿಸಿ, ಹರಿದ ಕಡೆ ಒಂದೊಂದಾಗಿ ನೇಯುತ್ತಿದ್ದಳು.

"ಈಗ ನಮ್ಮ ನಲ್ಲಿ ನೋಡಿದಳು. ನೋಡಿದ ತಕ್ಷಣ ಬರೆದಳು. ಬೆಳಿಗ್ಗೆ ಬಚ್ಚಲಿನ ಬಾಗಿಲು ನೋಡಿ ಬರೆದಳು. ಹೊಸ ಫ್ಯಾನ್ ನೋಡಿ ಮಾತ್ರ ಏನೂ ಬರೀಲಿಲ್ಲ. ಯಾಕೆ?"

"ಫ್ಯಾನು ತಿರುಗತ್ತೆ. ನಲ್ಲಿ ಸೋರತ್ತೆ. ಸೋರೋದೇ ಕಣ್ಣಿಗೆ ಬೀಳೋದು," ಎಂದಳು ಅಜ್ಜಿ, ಹಲ್ಲಿನಲ್ಲಿ ದಾರ ಕಡಿಯುತ್ತ.

ಅವಳನ್ನು ಎಲ್ಲರೂ ಗುಂಡುಸೂಜಿ ಎಂದು ಕರೆಯಲು ಕಾರಣ ಎರಡು. ಅಜ್ಜಿಯ ಕೆಲಸದ ಮೇಜಿನ ಕೆಳಗೇ ಆಡಿ ಬೆಳೆದವಳು ಎನ್ನುವುದು ಒಂದು. ಸಿಕ್ಕಸಿಕ್ಕವರನ್ನೆಲ್ಲ ಪ್ರಶ್ನೆಗಳಿಂದ ಚುಚ್ಚುತ್ತಾಳೆ ಎನ್ನುವುದು ಇನ್ನೊಂದು. ಅಪ್ಪ ಬಸ್ ಡ್ರೈವರ್, ಅಮ್ಮನಿಗೆ ಲ್ಯಾಬಿನಲ್ಲಿ ಕೆಲಸ. ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಚುಚ್ಚಿಸಿಕೊಳ್ಳಲು ದಿನವಿಡೀ ಸಿಗುತ್ತಿದ್ದವಳು ಅಜ್ಜಿ ಒಬ್ಬಳೇ.

ಒಳಗೆ ಕೂತು ಬರೆಯುತ್ತಿದ್ದವಳು ಬೇರೆ ದೇಶದವಳು. ಅಲ್ಲಿನ ಒಂದು ಚರ್ಚಿನಿಂದ ಹನ್ನೆರಡು ಜನ ಯುವಕ ಯುವತಿಯರು ನೀಲಿ ಟೀಶರ್ಟ್ ಹಾಕಿಕೊಂಡು ಎರಡು ವಾರಕ್ಕೆಂದು ಬಂದಿದ್ದರು. ಶಾಲೆಗೆ ಬಣ್ಣ ಹೊಡೆಯುವುದು, ಮಕ್ಕಳಿಗೆ ಹಾಡು ಕಲಿಸುವುದು, ಸಂಜೆ ಆಟ ಆಡಿಸುವುದು ಅವರ ಕೆಲಸ. ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರ್, "ಯಾರ ಮನೆಯಲ್ಲಿ ಜಾಗ ಇದೆ?" ಎಂದು ಕೇಳಿದ್ದೇ ತಡ, ಅಜ್ಜಿ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದಳು.

ಜಾಗವೇನೋ ಇತ್ತು, ಗುಂಡುಸೂಜಿಯ ಮಂಚದಲ್ಲಿ. ಅಂದಿನಿಂದ ಅವಳು ಅಜ್ಜಿಯ ಪಕ್ಕ, ನೆಲದ ಮೇಲೆ ಮಲಗುತ್ತಿದ್ದಳು. ಬಂದವಳಿಗೆ ಅವಳು ನೋಟ್‌ಬುಕ್ ಅಕ್ಕ ಎಂದು ಹೆಸರಿಟ್ಟಳು.

ಮೊದಲ ವಾರ ಎಲ್ಲ ಚೆನ್ನಾಗಿಯೇ ಇತ್ತು. ತೊಂದರೆ ಶುರುವಾದದ್ದು ಶನಿವಾರ, ಶಾಲೆಯ ಗೋಡೆಗೆ ಹಳದಿ ಬಣ್ಣ ಹೊಡೆಯುವ ದಿನ. ಮಕ್ಕಳೂ ಬರಬಹುದು ಎಂದಿದ್ದರು. ಅಜ್ಜಿ ರಿಪೇರಿಯಾದ ಬಟ್ಟೆಗಳನ್ನು ಕೊಟ್ಟುಬರಲು ಹೋಗಿದ್ದಳು. ಗುಂಡುಸೂಜಿ ಬುದ್ಧಿ ಓಡಿಸಿದಳು. ಚಿಂದಿ ಚೀಲದಿಂದ ತನ್ನದೊಂದು ಹಳೇ ಫ್ರಾಕ್ ಎಳೆದು ಹಾಕಿಕೊಂಡಳು. ಭುಜ ಹರಿದಿತ್ತು, ಕೆಳಗಿನ ಅಂಚು ಜೋತಾಡುತ್ತಿತ್ತು. ಎಷ್ಟು ಬಣ್ಣ ಚೆಲ್ಲಿದರೂ ಬೈಯುವವರಿಲ್ಲ!

ಅಲ್ಲಿ ಟೀಮಿನ ಲೀಡರ್, ಯಾವಾಗಲೂ ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡಿರುವ ಅಣ್ಣ, ಅವಳನ್ನು ಕರೆದ. ಬಣ್ಣ ಹೊಡೆದ ಗೋಡೆಯ ಮುಂದೆ ಅಲ್ಲ, ಇನ್ನೂ ಹೊಡೆಯದ, ಗಾರೆ ಉದುರಿದ ಗೋಡೆಯ ಮುಂದೆ ನಿಲ್ಲಿಸಿದ. ಹೊಸ ಶೂ ಹಾಕಿಕೊಂಡು ಪಕ್ಕದಲ್ಲಿ ನಿಲ್ಲಲು ಓಡಿಬಂದ ಅವಳ ಗೆಳತಿಯನ್ನು ಆಚೆ ಹೋಗು ಎಂದ. ಗುಂಡುಸೂಜಿ ಹಲ್ಲು ಕಿರಿದಳು.

"ನೋ, ನೋ," ಎಂದು ಕ್ಯಾಮೆರಾ ಅಣ್ಣ ತಲೆ ಆಡಿಸಿದ. "ನಗಬೇಡ."

ಗುಂಡುಸೂಜಿ ಬೇಕಾದಷ್ಟು ಫೋಟೋಗೆ ನಿಂತವಳು. ಎಲ್ಲರೂ ನಗು ನಗು ಎಂದು ತಲೆ ತಿನ್ನುತ್ತಿದ್ದರು. ನಗಬೇಡ ಅಂದವನು ಇವನೊಬ್ಬನೇ. ಆಗಲೇ ಅವಳ ತಲೆಯೊಳಗೆ ಹುಳ ಹೊಕ್ಕಿತು.

ಸಂಜೆ ಅವಳು ನೋಟ್‌ಬುಕ್ ಅಕ್ಕನನ್ನು ಕೇಳಿದಳು. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅರ್ಧ, ಕೈಸನ್ನೆ ಅರ್ಧ. "ಫೋಟೋ ಯಾಕೆ?"

"ನಮ್ಮ ಚರ್ಚಿನಲ್ಲಿ ತೋರಿಸ್ತೀವಿ." ಅಕ್ಕ ಎರಡೂ ಕೈ ಅಗಲಿಸಿದಳು. "ಇಷ್ಟು ದೊಡ್ಡ ಸ್ಕ್ರೀನ್ ಮೇಲೆ!"

"ಎಷ್ಟು ಜನ ನೋಡ್ತಾರೆ?"

"ಐನೂರು ಜನ ಇರ್ತಾರೇನೋ."

ಗುಂಡುಸೂಜಿ ಬಾಗಿಲ ಕಡೆ ತಿರುಗಿ ನೋಡಿದಳು. ಬಾಗಿಲ ಮೇಲಿನ ಬೋರ್ಡಿನಲ್ಲಿ 'ರಫು ಕೆಲಸ ಮಾಡಿಕೊಡಲಾಗುವುದು' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನನ್ನ ಮನೆಯಿಂದ ಹರಿದದ್ದು ಹಾಕ್ಕೊಂಡು ಯಾರೂ ಬೀದಿಗೆ ಇಳೀಬಾರದು ಎಂದು ಅಜ್ಜಿ ಯಾವಾಗಲೂ ಹೇಳುತ್ತಿದ್ದಳು. ಊರಿನವರ ಬಟ್ಟೆಯನ್ನೆಲ್ಲ ಸರಿಮಾಡುವ ಅಜ್ಜಿಯ ಮೊಮ್ಮಗಳು, ಐನೂರು ಜನರ ಮುಂದೆ, ಜೋತಾಡುವ ಫ್ರಾಕಿನಲ್ಲಿ! ಅದೂ ಮುಖ ಸಪ್ಪಗೆ ಮಾಡಿಕೊಂಡು! ಇದು ಅಜ್ಜಿಗೆ ಗೊತ್ತಾದರೆ?

ಆ ಫೋಟೋ ಹೋಗಲೇಬೇಕು. ಅದು ಹೇಗೆ ಎನ್ನುವುದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ಗುಂಡುಸೂಜಿ ನೋಟ್‌ಬುಕ್ ಅಕ್ಕನ ಬೆನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮಲಗುವ ಮುಂಚೆ ಅಕ್ಕ ಮಂಡಿಯೂರಿ ಪ್ರಾರ್ಥನೆ ಮಾಡುವಾಗ ಪರದೆಯ ಈಚೆ ಮೈಯೆಲ್ಲ ಕಿವಿಯಾಗುತ್ತಿದ್ದಳು. ಒಂದು ಸಲ ಪ್ರಾರ್ಥನೆಯ ನಡುವೆ "ಗುಂಡುಸೂಜಿ" ಎಂದು ಕೇಳಿಸಿತು.

"ಅಜ್ಜೀ, ದೇವರ ಹತ್ರಾನೂ ನಮ್ಮ ಮೇಲೆ ಚಾಡಿ ಹೇಳ್ತಿದ್ದಾಳೆ!"

"ದೇವರಿಗೆ ನಿನ್ನ ವಿಷಯ ಅವಳು ಹೇಳೇ ಗೊತ್ತಾಗಬೇಕಾ?" ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿ, "ಪಾಪ, ಒಳ್ಳೇ ಹುಡುಗಿ ಕಣೇ. ಆ ಪ್ಯಾಂಟು ನೋಡಿದಾಗೆಲ್ಲ ನನ್ನ ಕರುಳು ಚುರ್ ಅನ್ನತ್ತೆ," ಎಂದಳು.

ಚಾಡಿಯ ಯೋಚನೆಯಲ್ಲಿದ್ದ ಗುಂಡುಸೂಜಿ, ಯಾವ ಪ್ಯಾಂಟು ಎಂದು ಕೇಳಲೇ ಇಲ್ಲ.

ಮಂಗಳವಾರ ಮಧ್ಯಾಹ್ನ ಅಕ್ಕ ಸ್ನಾನಕ್ಕೆ ಹೋದಳು. ನೋಟ್‌ಬುಕ್ ದಿಂಬಿನ ಪಕ್ಕದಲ್ಲೇ ಇತ್ತು. ಬೇರೆಯವರ ನೋಟ್‌ಬುಕ್ ತೆಗೆಯುವುದು ತಪ್ಪು ಎಂದು ಗುಂಡುಸೂಜಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತೆಗೆದಳು. ಅಕ್ಷರ ಇರುವೆ ಸಾಲಿನಂತಿತ್ತು. ಬೆರಳಿಟ್ಟು, ತುಟಿ ಅಲುಗಿಸುತ್ತ ಒಂದೊಂದೇ ಪದ ಓದಿದಳು. ನಲ್ಲಿಗೆ ಬಟ್ಟೆ ಸುತ್ತಿದ್ದಾರೆ. ಬಾಗಿಲಿಗೆ ಚಿಲಕ ಇಲ್ಲ. ಅದರ ಕೆಳಗೆ, 'ದೇ ಹ್ಯಾವ್ ಸೋ ಲಿಟಲ್.'

ಇವರ ಹತ್ತಿರ ಇರುವುದು ಎಷ್ಟು ಕಡಿಮೆ!

ಗುಂಡುಸೂಜಿಯ ಮೈ ಉರಿಯಿತು. ಕಡಿಮೆಯಂತೆ! ಎರಡು ಹೊಲಿಗೆ ಯಂತ್ರ, ಒಂದು ಡಬ್ಬಿ ತುಂಬ ಗುಂಡಿ, ಎಲ್ಲ ಬಣ್ಣದ ದಾರ, ಹೊಸ ಫ್ಯಾನು. ಇವೆಲ್ಲ ಲೆಕ್ಕಕ್ಕಿಲ್ಲವೇ? ನಲ್ಲಿ ಸೋರುತ್ತಿದ್ದದ್ದು ಪ್ಲಂಬರ್ ಇವತ್ತು ಬರ್ತೀನಿ, ನಾಳೆ ಬರ್ತೀನಿ ಎಂದು ಕೈಕೊಟ್ಟಿದ್ದರಿಂದ! ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅವಳು ನೋಟ್‌ಬುಕ್ ಇದ್ದ ಕಡೆಯೇ ಇಟ್ಟು ಕಾಲಿಗೆ ಬುದ್ಧಿ ಹೇಳಿದಳು.

ಮಾರನೇ ದಿನ ಸಂಜೆ ನೋಟ್‌ಬುಕ್ ಅಕ್ಕ ಮನೆಯೆಲ್ಲ ಹುಡುಕತೊಡಗಿದಳು. ಹಗ್ಗದ ಮೇಲೆ, ಮಂಚದ ಕೆಳಗೆ, ಬಕೆಟ್ಟಿನ ಹಿಂದೆ. ಕೊನೆಗೆ ಗುಂಡುಸೂಜಿಯ ಮುಂದೆ ಬಂದು ನಿಂತಳು.

"ನನ್ನ ಜೀನ್ಸ್ ನೋಡಿದೆಯಾ? ಮೊನ್ನೆ ಒಗೆದು ಹಗ್ಗದ ಮೇಲೆ ಹಾಕಿದ್ದೆ. ಇಲ್ಲ."

"ನನಗೇನು ಗೊತ್ತು?"

ಅಕ್ಕ ನೋಟ್‌ಬುಕ್ ಬಿಡಿಸಿ ಹಿಡಿದಳು. 'ಸೋ ಲಿಟಲ್' ಎಂದಿದ್ದ ಸಾಲಿನ ಮೇಲೆ ನೀಲಿ ಬೆರಳಚ್ಚು! ಅಜ್ಜಿ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಪುಡಿ. ನಾಲ್ಕು ದಿನದಿಂದ ಪತ್ತೇದಾರಿಕೆ ಮಾಡುತ್ತಿದ್ದವಳು ತಾನೇ ಸಿಕ್ಕಿಬಿದ್ದಿದ್ದಳು.

"ಇದು ನೀನೇ ಅಲ್ವಾ? ಜೀನ್ಸೂ ನೀನೇನಾ?"

"ಜೀನ್ಸ್ ನಾನು ಮುಟ್ಟಿಲ್ಲ!" ಗುಂಡುಸೂಜಿ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ನೋಟ್‌ಬುಕ್ ಮುಟ್ಟಿದವಳು ಜೀನ್ಸ್ ಮುಟ್ಟಿಲ್ಲ ಎಂದರೆ ಯಾರು ನಂಬುತ್ತಾರೆ? ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ನಿಂತರು.

"ಇಲ್ಲಿ ಬನ್ರೇ ಇಬ್ರೂ!" ಹೊರಗಿನ ಕೋಣೆಯಿಂದ ಅಜ್ಜಿ ಕರೆದಳು.

ಮೇಜಿನ ಮೇಲೆ ಜೀನ್ಸ್ ಇತ್ತು. ಇಸ್ತ್ರಿ ಮಾಡಿ ಮಡಚಿಟ್ಟಿತ್ತು. ಅಜ್ಜಿಯ ಮುಖ ಬಹುಮಾನ ಗೆದ್ದವರ ಹಾಗೆ ಹೊಳೆಯುತ್ತಿತ್ತು. ಅವಳು ಪ್ಯಾಂಟನ್ನು ಬಿಡಿಸಿ ಮಂಡಿಯ ಜಾಗ ತೋರಿಸಿದಳು. ಅಲ್ಲಿ ಮೊದಲು ಅಂಗೈಯಗಲದ ಎರಡು ತೂತುಗಳಿದ್ದವು, ಅವು ಈಗ ಇಲ್ಲವೇ ಇಲ್ಲ! ಒಳಗಿನಿಂದ ಅದೇ ನೀಲಿಯ ತುಂಡು ಕೊಟ್ಟು, ಮೇಲೆ ಎಳೆಗೆ ಎಳೆ ನೇಯ್ದಿದ್ದಳು.

"ಎರಡು ದಿನ ಹಿಡೀತು. ಎಲ್ಲಿ ಹರಿದಿತ್ತು ಅಂತ ಈಗ ಹುಡುಕು ನೋಡೋಣ! ಪಾಪ, ಅಷ್ಟು ದೂರದಿಂದ ಬಂದು ನಮ್ಮ ಶಾಲೆಗೆ ಬಣ್ಣ ಹೊಡೀತಾಳೆ. ಅವಳಿಗೇ ಹಾಕ್ಕೊಳ್ಳೋಕೆ ಒಂದು ನೆಟ್ಟಗಿರೋ ಪ್ಯಾಂಟಿಲ್ಲ. ಇಂಗ್ಲಿಷಲ್ಲಿ ಹೇಳೇ ಅವಳಿಗೆ."

ನೋಟ್‌ಬುಕ್ ಅಕ್ಕನ ಬಾಯಿ ತೆರೆದಂತೆಯೇ ಇತ್ತು. ಗುಂಡುಸೂಜಿಗೆ ನಗು ಉಕ್ಕಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅವಳು ಅಕ್ಕನ ಕಣ್ಣನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದಳು.

"ನಿನಗೆ ಬಟ್ಟೆ ಇಲ್ಲ, ಪಾಪ ಅಂತಿದ್ದಾಳೆ ಅಜ್ಜಿ. ಯೂ ಹ್ಯಾವ್ ಸೋ ಲಿಟಲ್."

ಅಕ್ಕನ ಮುಖ ಕಿವಿಯ ತನಕ ಕೆಂಪಾಯಿತು. "ನನಗಾ? ಇಲ್ಲ, ಇಲ್ಲ! ಅದು ಅಂಗಡಿಯಲ್ಲೇ ಹಾಗೆ ಸಿಗೋದು! ಅದು ಫ್ಯಾಷನ್! ನಮ್ಮ ಮನೆಯಲ್ಲಿ ನನಗೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಏನಂತೆ?" ಎಂದು ಅಜ್ಜಿ ಕೇಳಿದಳು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ದಪ್ಪ ಬಟ್ಟೆಗೆ ಸೂಜಿ ಒತ್ತಿ ಒತ್ತಿ ಹೆಬ್ಬೆರಳು ಊದಿಕೊಂಡಿತ್ತು.

ನೋಟ್‌ಬುಕ್ ಅಕ್ಕ ಆ ಹೆಬ್ಬೆರಳನ್ನು ನೋಡಿದಳು. ಆಮೇಲೆ ಗುಂಡುಸೂಜಿಯತ್ತ ತಿರುಗಿ, ಹೇಳಬೇಡ ಎನ್ನುವ ಹಾಗೆ ಮೆಲ್ಲಗೆ ತಲೆ ಆಡಿಸಿದಳು. ಅಜ್ಜಿಯ ಕೈ ಹಿಡಿದುಕೊಂಡು "ಥ್ಯಾಂಕ್ಯೂ ಅಜ್ಜಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

"ತುಂಬಾ ಚೆನ್ನಾಗಿದೆಯಂತೆ ಅಜ್ಜಿ," ಎಂದಳು ಗುಂಡುಸೂಜಿ.

ಒಳಗೆ ಹೋದ ಮೇಲೆ ಅವಳು ಪರದೆ ಎಳೆದು, ಮೆಲ್ಲಗೆ ಹೇಳಿದಳು. "ಫೋಟೋದಲ್ಲಿರೋ ನನ್ನ ಫ್ರಾಕೂ ಅಷ್ಟೇ. ಬಣ್ಣ ಬೀಳತ್ತೆ ಅಂತ ಚಿಂದಿ ಚೀಲದಿಂದ ತಗೊಂಡಿದ್ದು. ನನ್ನ ಹತ್ರ ಒಳ್ಳೇ ಫ್ರಾಕ್ ತುಂಬಾ ಇದೆ. ಎಲ್ಲಾ ಅಜ್ಜಿ ಹೊಲಿದದ್ದು. ನೋಟ್‌ಬುಕ್ ನೋಡಿದ್ದು ನಾನೇ. ಸಾರಿ."

ಅಕ್ಕ ಜೀನ್ಸನ್ನು ತೊಡೆಯ ಮೇಲಿಟ್ಟುಕೊಂಡು, ಹರಿದಿದ್ದ ಜಾಗದ ಮೇಲೆ ಬೆರಳಾಡಿಸಿದಳು.

ಮರುದಿನ ಅವಳು ಅದೇ ಜೀನ್ಸ್ ಹಾಕಿಕೊಂಡು, ಗುಂಡುಸೂಜಿಯನ್ನೂ ಕರೆದುಕೊಂಡು ಚರ್ಚಿನ ಹಾಲಿಗೆ ಹೋದಳು. ಕ್ಯಾಮೆರಾ ಅಣ್ಣ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಇಬ್ಬರೂ ಪಟಪಟ ಮಾತಾಡಿಕೊಂಡರು. ಅಷ್ಟು ವೇಗದ ಇಂಗ್ಲಿಷ್ ಗುಂಡುಸೂಜಿಯ ತಲೆಗೆ ಹತ್ತಲಿಲ್ಲ. 'ಅಜ್ಜಿ' ಮತ್ತು 'ಜೀನ್ಸ್' ಮಾತ್ರ ಕೇಳಿಸಿದವು. ಅಣ್ಣ ಫೋಟೋ ಕಡೆ ಕೈ ತೋರಿಸಿ ಎದೆ ಮುಟ್ಟಿಕೊಂಡ; ಇದನ್ನು ನೋಡಿದರೆ ಎಂಥವರ ಮನಸ್ಸೂ ಕರಗುತ್ತದೆ ಎನ್ನುತ್ತಿದ್ದಾನೆ ಎಂದು ಅವಳು ಊಹಿಸಿದಳು. ಅಕ್ಕ ಸುಮ್ಮನೆ ತನ್ನ ಮಂಡಿ ತೋರಿಸಿದಳು. ಅವನು ಬಗ್ಗಿ ನೋಡಿದ, ಹುಡುಕಿದ, ಜೋರಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ, ಗುಂಡುಸೂಜಿಯ ಮುಖ ನೋಡಿದ. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

"ನೀನೇ ಡಿಲೀಟ್ ಮಾಡು," ಎಂದ.

ಸ್ಕ್ರೀನ್ ಮೇಲೆ ಗಾರೆ ಉದುರಿದ ಗೋಡೆ. ಅದರ ಮುಂದೆ ಒಬ್ಬ ಹುಡುಗಿ. ಹರಿದ ಭುಜ, ಸಪ್ಪೆ ಮುಖ, ಹಿಂದೆ ಮುಂದೆ ಯಾರೂ ಇಲ್ಲ. ಅವಳನ್ನು ನೋಡಿ ಗುಂಡುಸೂಜಿಗೇ ಅಯ್ಯೋ ಪಾಪ ಅನಿಸಿಬಿಟ್ಟಿತು. ತಾನೇ ಎಂದು ಗೊತ್ತಿದ್ದೂ ಅನಿಸಿತು. ಆ ಜೀನ್ಸ್ ನೋಡಿ ಅಜ್ಜಿಗೂ ಹೀಗೇ ಅನಿಸಿರಬೇಕು.

ಅವಳು ಬಟನ್ ಒತ್ತಿದಳು.

ಮನೆಗೆ ಬಂದಾಗ ಅಜ್ಜಿ ಚಿಂದಿ ಚೀಲ ಕೆದಕುತ್ತ ಕೂತಿದ್ದಳು. "ಏನೇ, ಈ ಹಳೇ ಫ್ರಾಕಿಗೆ ಹಳದಿ ಬಣ್ಣ ಎಲ್ಲಿಂದ ಬಂತು?"

"ಆಮೇಲೆ ಹೇಳ್ತೀನಿ ಅಜ್ಜಿ. ಎಲ್ಲಾ ಹೇಳ್ತೀನಿ," ಎಂದು ಗುಂಡುಸೂಜಿ ಒಳಗೆ ಹೋದಳು.

ಮಂಚದ ಮೇಲೆ ನೋಟ್‌ಬುಕ್ ತೆರೆದುಕೊಂಡೇ ಬಿದ್ದಿತ್ತು. ಅಕ್ಕ ಚರ್ಚಿನ ಹಾಲಿನಲ್ಲೇ ಉಳಿದಿದ್ದಳು. ಹೊಸ ಫ್ಯಾನಿನ ಗಾಳಿಗೆ ಹಾಳೆಗಳು ಒಂದೊಂದಾಗಿ ಏಳುತ್ತಿದ್ದವು. ಒಂದು ಸಾಲನ್ನು ಹೊಡೆದುಹಾಕಿದ್ದು ಕಂಡಿತು. ಅದರ ಕೆಳಗೆ ಹೊಸದಾಗಿ ಏನೋ ಬರೆದಿತ್ತು. ಗುಂಡುಸೂಜಿಯ ಬೆರಳು ತುರಿಸಿತು.

ಅವಳು ನೋಟ್‌ಬುಕ್ ಮುಚ್ಚಿ, ಹಾರಿಹೋಗದಂತೆ ಅದರ ಮೇಲೆ ದಿಂಬು ಇಟ್ಟಳು.

"ಏನೇ, ಸದ್ದೇ ಇಲ್ಲ? ಇವತ್ತು ಏನು ಬರ್ದಿದ್ದಾಳಂತೆ?" ಎಂದು ಅಜ್ಜಿ ಹೊರಗಿನಿಂದ ಕೂಗಿ ಕೇಳಿದಳು.

"ಗೊತ್ತಿಲ್ಲ ಅಜ್ಜಿ," ಎಂದಳು ಗುಂಡುಸೂಜಿ. "ಅಕ್ಕ ಬರಲಿ, ಅವಳನ್ನೇ ಕೇಳ್ತೀನಿ."