ಹನ್ನೊಂದು ಸೆಕೆಂಡಿನ ಆಲೆಮನೆ

“ಲೇ ಅಮೃತಾ, ಎರಡು ಲಕ್ಷ ಕಣೇ! ಎರಡು ಲಕ್ಷ ವ್ಯೂಸ್!”

ಶಾಲೆಯ ಗೇಟಿನ ಹತ್ತಿರ ದೀಪಿಕ ಕೂಗಿಕೊಂಡಾಗ ಅಮೃತಳ ಕೈಯಲ್ಲಿದ್ದ ನೀರಿನ ಬಾಟಲಿ ಜಾರಿ ಬಿತ್ತು.

“ಸುಳ್ಳು!”

“ನಿಜವಾಗ್ಲೂ ಕಣೇ. ನಮ್ಮಕ್ಕನ ಫೋನಲ್ಲಿ ನೋಡ್ದೆ. ಅಕ್ಕ ಅಂತೂ ‘ಥೂ, ಇನ್ಮೇಲೆ ಬೆಲ್ಲನೇ ಮುಟ್ಟಾಕಿಲ್ಲ’ ಅಂದ್ಳು.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಳೆದ ಭಾನುವಾರ ಅಮೃತ ಅಮ್ಮನ ಫೋನ್ ಹಿಡಿದುಕೊಂಡು ರಾಜೇಂದ್ರ ಮಾವನ ಆಲೆಮನೆಗೆ ಹೋಗಿದ್ದಳು. ಅವರ ಊರು ಕೊತ್ತತ್ತಿಯ ನಾಲೆ ದಾಟಿದರೆ ಸಿಗುವುದೇ ಅದು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಂಡೆಗಿಡದ ಲೋಳೆ ಹಾಕಿದ ಮೇಲೆ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬಂತು. ಕೆಲಸದ ಕೆಂಪಯ್ಯ ತಾತ ಉದ್ದನೆಯ ಜಾಲರಿ ಸೌಟಿನಿಂದ ಅದನ್ನು ಬಳಿದು ಬಳಿದು ಹೊರಗಿನ ಗುಂಡಿಗೆ ಚೆಲ್ಲಿದರು. ಅಮೃತ ಎಲ್ಲವನ್ನೂ ವಿಡಿಯೊ ಮಾಡಿದಳು. ನಾಲ್ಕು ನಿಮಿಷ.

ನಾಲ್ಕು ನಿಮಿಷದ ವಿಡಿಯೊ ಯಾರು ನೋಡುತ್ತಾರೆ? ಬುಗುಬುಗು ಎನ್ನುವ ಕಪ್ಪು ನೊರೆ, ಅದರ ಮೇಲೆ ತಾತನ ಕರ್ರಗಿನ, ಬಿರುಕು ಬಿಟ್ಟ ಕೈ. ಇಷ್ಟನ್ನೇ ಅವಳು ಇಟ್ಟುಕೊಂಡಳು. ಹನ್ನೊಂದು ಸೆಕೆಂಡ್. ಚೆಲ್ಲುವುದನ್ನೆಲ್ಲ ಕತ್ತರಿಸಿದಳು. ದೆವ್ವದ ಸಿನಿಮಾದಂಥ ಮ್ಯೂಸಿಕ್ ಹಾಕಿದಳು. “ನೀವು ತಿನ್ನೋ ಬೆಲ್ಲದ ಅಸಲಿ ಬಣ್ಣ!” ಎಂದು ಮೇಲೆ ಬರೆದಳು. ಅಮ್ಮನಿಗೆ ಗೊತ್ತಿಲ್ಲದ ಹಾಗೆ ಮಾಡಿಕೊಂಡಿದ್ದ ಅಕೌಂಟಿನಲ್ಲಿ ಅವಳ ಹೆಸರಿರಲಿಲ್ಲ, ಒಂದು ಚಿಟ್ಟೆಯ ಫೋಟೊ ಮಾತ್ರ ಇತ್ತು.

ರೀಲಿನಲ್ಲಿ ಹಿಂದುಗಡೆ ಮಾವನ ಬೋರ್ಡು ಫೋನ್ ನಂಬರ್ ಸಮೇತ ಕಾಣುತ್ತಿತ್ತು. ರೀಲು ಬರೀ ತಮಾಷೆ; ಎರಡು ಲಕ್ಷ ಜನ ಆ ನಂಬರ್ ನೋಡಿದ್ದಾರೆ ಎಂದರೆ ಮಾವನಿಗೆ ಎಷ್ಟು ಆರ್ಡರ್ ಬಂದಿರಬೇಡ! ಆ ಸುದ್ದಿ ಹೇಳಲು ಅವಳು ಸಂಜೆ ಬ್ಯಾಗ್ ಹೊತ್ತುಕೊಂಡೇ ಆಲೆಮನೆಗೆ ಓಡಿದಳು.

ಗಾಣ ನಿಂತಿತ್ತು. ಒಲೆಯಲ್ಲಿ ಬೆಂಕಿ ಇರಲಿಲ್ಲ. ರಾಜೇಂದ್ರ ಮಾವ ನೆಲದ ಮೇಲೆ ಕೂತು, ಕಟ್ಟಿಟ್ಟ ರಟ್ಟಿನ ಡಬ್ಬಗಳಿಂದ ಅಡ್ರೆಸ್ ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಎರಡು ವರ್ಷದ ಹಿಂದಿನವರೆಗೂ ಅವನು ಬೆಲ್ಲವನ್ನೆಲ್ಲ ಮಂಡ್ಯದ ಮಾರ್ಕೆಟ್ಟಿಗೇ ಹಾಕುತ್ತಿದ್ದ. ಆಮೇಲೆ ಫೋನಿನಲ್ಲೇ ಆರ್ಡರ್ ಹಿಡಿಯುವುದು ಕಲಿತ. ಬೆಂಗಳೂರಿನ ಅಪಾರ್ಟ್‌ಮೆಂಟಿನವರೆಲ್ಲ ಅವನ ಗಿರಾಕಿಗಳಾಗಿದ್ದರು.

“ಯಾಕ್ಮಾವ, ಗಾಣ ನಿಂತೋಯ್ತು?”

“ಯಾರೋ ನಮ್ ಆಲೆಮನೆ ವಿಡಿಯೊ ಮಾಡಿ ಬುಟ್ಟವ್ರೆ ಕಣಮ್ಮಿ. ಬೆಳಗ್ಗಿಂದ ಒಂದೇ ಸಮ ಕ್ಯಾನ್ಸಲ್, ಕ್ಯಾನ್ಸಲ್. ಕೇಳೋರಿಲ್ದೆ ಬೆಲ್ಲ ಮಾಡಿ ಎಲ್ಲಿಗಾಕ್ಲಿ?”

ಅಮೃತ ಹೊತ್ತಿದ್ದ ಬ್ಯಾಗನ್ನು ಕೆಳಗಿಳಿಸಿದಳು.

ಒಲೆಯ ಪಕ್ಕದ ಕಲ್ಲಿನ ಮೇಲೆ ಕೆಂಪಯ್ಯ ತಾತ ಕೂತಿದ್ದರು. “ಬಾ ಅಮ್ಮಿ. ಅದ್ರಲ್ಲಿ ನನ್ ಕೈ ಬಂದದಂತೆ. ಜನ ಏನೇನೋ ಬರ್ದವ್ರಂತೆ. ರಾಜೇಂದ್ರಪ್ಪ ಓದಾಕಿಲ್ಲ ಅಂತಾನೆ. ನೀನಾದ್ರೂ ಓದವ್ವ.”

“ಅದ್ಯಾಕ್ ತಾತ, ಬುಡು” ಎಂದ ಮಾವ.

“ನನ್ ಕೈ ಕಣಪ್ಪ. ನಂಗೊತ್ತಾಗ್ಬ್ಯಾಡ್ವಾ?”

ಮಾವ ಫೋನನ್ನು ಅಮೃತಳ ಕಡೆ ಚಾಚಿದ.

ಮೊದಲನೇ ಕಾಮೆಂಟು: ‘ಈ ಮುದುಕ ಕೈ ತೊಳೆದು ಎಷ್ಟು ವರ್ಷ ಆಯ್ತೋ?’ ಅದರ ಕೆಳಗೆ: ‘ಆ ಕೈ ನೋಡಿದ್ರೇ ವಾಂತಿ ಬರುತ್ತೆ.’ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಹಾರ್ಟ್. ಅದನ್ನು ಒತ್ತಿದವಳು ಅವಳೇ. ಸೋಮವಾರ ಶಾಲೆಗೆ ಹೊರಡುವ ಮುಂಚೆ, ಜಡೆ ಹಾಕಿಸಿಕೊಳ್ಳುತ್ತಾ ಒತ್ತಿದ್ದಳು.

“ಬೆಲ್ಲ... ಬೆಲ್ಲ ಚೆನ್ನಾಗಿಲ್ಲ ಅಂತ ಬರ್ದವ್ರೆ ತಾತ.”

“ಕೈ ಬಗ್ಗೆ?”

“ಏನೂ ಇಲ್ಲ.”

ತಾತ ಅವಳ ಮುಖ ನೋಡಿದರು. “ಕೊಪ್ಪರಿಗೆ ತಾವ್ಕೆ ಬರಾಕ್ ಮುಂಚೆ ಮೊಣಕೈಗಂಟ ಸೋಪಾಕಿ ತೊಳೀತೀನಿ ಕಣವ್ವ. ಈ ಕಪ್ಪು ಓಗಾಕಿಲ್ಲ. ನಲವತ್ ವರ್ಸದ್ದು” ಎಂದು ಎರಡೂ ಕೈಗಳನ್ನು ಹೆಗಲ ಮೇಲಿದ್ದ ಟವೆಲ್ಲಿನ ಕೆಳಗೆ ಮುಚ್ಚಿಟ್ಟುಕೊಂಡರು.

ಅಮೃತಳಿಗೆ ಓಡಿಹೋಗೋಣ ಎನಿಸಿತು. ಆದರೆ ಫೋನನ್ನು ಮಾವನ ಪಕ್ಕದಲ್ಲಿಟ್ಟು ಅಲ್ಲೇ ನಿಂತಳು.

“ಅದನ್ನ ಮಾಡಿದ್ದು ನಾನು.”

ಚೀಟಿ ಕೀಳುತ್ತಿದ್ದ ಮಾವನ ಕೈ ನಿಂತಿತು. “ನೀನಾ? ಕೊಳೆ ಚೆಲ್ಲಾದೂ ನೋಡ್ದಲ್ಲಮ್ಮಿ ನೀನು!”

“ಅದನ್ನ ಕಟ್ ಮಾಡ್ದೆ ಮಾವ.”

“ಯಾಕೆ?”

“ತಮಾಷೆಯಾಗಿರತ್ತೆ ಅಂತ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಮಾವ ಇನ್ನೊಂದು ಡಬ್ಬ ಎಳೆದುಕೊಂಡ. ತಾತ ಎದ್ದು ಗುಂಡಿಯ ಕಡೆ ನಡೆದುಹೋದರು.

ಮನೆಯಲ್ಲಿ ಅಮ್ಮ ಬೈದರು, ಬೇಕಾದಷ್ಟು. ಆಮೇಲೆ ಪಕ್ಕದಲ್ಲೇ ನಿಂತು ರೀಲನ್ನು ಡಿಲೀಟ್ ಮಾಡಿಸಿದರು. ಮರುದಿನ ಶಾಲೆಯಲ್ಲಿ ದೀಪಿಕ ಮೆಲ್ಲಗೆ ಹೇಳಿದಳು, “ನಿಂದೇನೋ ಹೋಯ್ತು. ಆದ್ರೆ ಇನ್ನೊಬ್ಬ ಯಾರೋ ಅದಕ್ಕೆ ತನ್ನ ವಾಯ್ಸ್ ಹಾಕ್ಕೊಂಡು ಬಿಟ್ಟವ್ನೆ. ಅಲ್ಲಿ ಮೂರು ಲಕ್ಷ ಆಯ್ತು.” ಈ ಸಲ ಇಬ್ಬರೂ ನಗಲಿಲ್ಲ.

ಶನಿವಾರ ಅಮೃತ ಅಮ್ಮನನ್ನು ಕೇಳಿ, ನಾಲ್ಕು ನಿಮಿಷದ ವಿಡಿಯೊವನ್ನು ಪೂರ್ತಿ ಹಾಕಿದಳು. ಮೊದಲಿಗೆ ತನ್ನ ಮುಖವನ್ನೇ ತೋರಿಸಿ ಹೇಳಿದಳು: “ಆ ರೀಲ್ ಮಾಡಿದ್ದು ನಾನು. ಕಪ್ಪು ನೊರೆ ಚೆಲ್ಲೋದನ್ನ ಕಟ್ ಮಾಡಿದ್ದೂ ನಾನೇ. ಪೂರ್ತಿ ನೋಡಿ.” ಧ್ವನಿ ನಡುಗಿದ್ದು ಹಾಗೇ ಇತ್ತು. ಅವಳು ಅದನ್ನು ಕತ್ತರಿಸಲಿಲ್ಲ.

ಮುನ್ನೂರ ಹನ್ನೆರಡು ಜನ ನೋಡಿದರು. ‘ಬೋರಿಂಗ್’ ಎಂದು ಒಬ್ಬರು ಬರೆದರು. ಬೆಂಗಳೂರಿನ ಒಬ್ಬ ಹೆಂಗಸು ಮಾತ್ರ ಮಾವನಿಗೆ ಫೋನ್ ಮಾಡಿ, ತಮ್ಮ ಡಬ್ಬ ಕಳಿಸಿ ಎಂದರಂತೆ. ಉಳಿದದ್ದನ್ನು ಮಾವ ಟೆಂಪೋದಲ್ಲಿ ಮಂಡ್ಯದ ಮಾರ್ಕೆಟ್ಟಿಗೆ ಹಾಕಿ ಬಂದ.

ಮುಂದಿನ ಭಾನುವಾರ ಗಾಣ ತಿರುಗುವ ಸದ್ದು ಕೇಳಿ ಅಮೃತ ಆಲೆಮನೆಗೆ ಹೋದಳು. ಬಾಗಿಲಲ್ಲೇ ನಿಂತಳು. ಕೊಪ್ಪರಿಗೆಯಲ್ಲಿ ನೊರೆ ಏಳುತ್ತಿತ್ತು. ಕೆಂಪಯ್ಯ ತಾತ ಅವಳನ್ನು ಕಂಡು ಸೌಟನ್ನು ಗೋಡೆಗೆ ಒರಗಿಸಿದರು.

“ಫೋನ್ ತಂದಿದ್ದೀಯೇನವ್ವ?”

“ಇಲ್ಲ ತಾತ.”

“ಬಾ ಮತ್ತೆ. ಹೊಗೆ ಅದೆ, ದೂರ ನಿಂತ್ಕೊ.”

ತಾತ ನೊರೆ ಬಳಿಯತೊಡಗಿದರು. ಅಷ್ಟರಲ್ಲಿ ನಾಲೆಯ ಕಡೆಯಿಂದ ಒಂದು ಬೈಕು ಬಂತು. ತಾತನ ಕೈ ತಟ್ಟನೆ ನಿಂತು, ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಬೈಕು ಮುಂದೆ ಹೋಯಿತು. ಸದ್ದು ಪೂರ್ತಿ ಅಡಗಿದ ಮೇಲೆಯೇ ಸೌಟು ಮತ್ತೆ ಕೊಪ್ಪರಿಗೆಗೆ ಇಳಿಯಿತು.

ಅಮೃತ ಅದನ್ನು ನೋಡಿದಳು. ಹೋಗಿ, ಕೊಪ್ಪರಿಗೆಗೂ ರಸ್ತೆಗೂ ನಡುವೆ, ತಾತನ ಕೈ ಹೊರಗೆ ಕಾಣದ ಹಾಗೆ ನಿಂತುಕೊಂಡಳು.